ಕಾಡಿನ ಹೊಗೆಗೆ ಏರ್ ಪ್ಯೂರಿಫೈಯರ್: ಖಾನಾಪುರದ ಮನೆಯಲ್ಲಿ ಎರಡು ಬೇಸಿಗೆಯ ಬಳಕೆ

ಖಾನಾಪುರ ತಾಲೂಕಿನ ಪಡುವಣ ಅಂಚಿನಲ್ಲಿ ವಾಸವಿರುವವರಿಗೆ ಫೆಬ್ರವರಿ ಕೊನೆಯಿಂದ ಮೊದಲ ಮಳೆಯವರೆಗಿನ ದಿನಗಳು ಹೇಗಿರುತ್ತವೆ ಎಂಬುದನ್ನು ವಿವರಿಸಬೇಕಾಗಿಲ್ಲ. ಭೀಮಗಡ ಅಭಯಾರಣ್ಯದ ಕಡೆಯ ಗುಡ್ಡಗಳಲ್ಲಿ ತರಗೆಲೆ ಮತ್ತು ಕರಡ ಒಣಗಿ ನಿಂತಿರುವಾಗ ಒಂದು ಕಿಡಿ ತಗುಲಿದರೆ ಸಾಕು, ಬೆಂಕಿ ನೆಲ ಹಿಡಿದು ರಾತ್ರಿಯಿಡೀ ಹರಿಯುತ್ತದೆ. 2023ರ ಮಾರ್ಚ್‌ನಲ್ಲಿ ಗಡಿಯಾಚೆಗಿನ ಗೋವಾದ ಮಹದಾಯಿ ಅಭಯಾರಣ್ಯ ಹೊತ್ತಿಕೊಂಡು, ಅದನ್ನು ನಂದಿಸಲು ನೌಕಾಪಡೆ ಮತ್ತು ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿಯಬೇಕಾಯಿತು. ಆ ಬೇಸಿಗೆಯಲ್ಲಿ ನಮ್ಮ ಅವ್ವ ಉಬ್ಬಸದಿಂದ ಎಷ್ಟೋ ರಾತ್ರಿಗಳನ್ನು ಗೋಡೆಗೆ ಒರಗಿ ಕುಳಿತೇ ಕಳೆದಳು. ಮರುವರ್ಷದ ಬೇಸಿಗೆಗೆ ಮುನ್ನ ನಾನು ಒಂದು ಏರ್ ಪ್ಯೂರಿಫೈಯರ್ ಕೊಂಡೆ. ಎರಡು ಬೇಸಿಗೆ ಬಳಸಿದ ಮೇಲೆ, ಕೊಳ್ಳಬೇಕೆಂದು ಯೋಚಿಸುತ್ತಿರುವವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಯಂತ್ರದ ಬೆಲೆ ಸುಮಾರು 11 ಸಾವಿರ ರೂಪಾಯಿ. ಎಚ್13 ದರ್ಜೆಯ ಹೆಪಾ ಫಿಲ್ಟರ್ (ಅತಿ ಸಣ್ಣ ಕಣಗಳನ್ನೂ ಹಿಡಿಯುವ ಮಡಿಕೆ ಕಾಗದದ ಶೋಧಕ), ಅದರ ಜೊತೆಗೆ ತೆಳುವಾದ ಇದ್ದಿಲಿನ ಪದರ, ಮುಂಭಾಗದಲ್ಲಿ ಪಿಎಂ 2.5 ಪ್ರಮಾಣ ತೋರಿಸುವ ಪರದೆ ಇವೆ. ಪಿಎಂ 2.5 ಎಂದರೆ ಎರಡೂವರೆ ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣಗಳು. ಮೂಗು ಗಂಟಲುಗಳಲ್ಲಿ ಸಿಕ್ಕಿಕೊಳ್ಳದೆ ಶ್ವಾಸಕೋಶದ ಆಳಕ್ಕೆ ಇಳಿಯುವ ಇವೇ ಕಾಡಿನ ಹೊಗೆಯಲ್ಲಿ ಹೆಚ್ಚು ಅಪಾಯದವು. ನಮ್ಮ ದೇಶದ ಮಾನದಂಡದ ಪ್ರಕಾರ 24 ಗಂಟೆಗಳ ಸರಾಸರಿ ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ ಕೇವಲ 15.

ಕೊಳ್ಳುವಾಗ ಅಂಗಡಿಯವರು ಬಣ್ಣದ ದೀಪ, ಮೊಬೈಲ್ ಆ್ಯಪ್, ಅಯೊನೈಸರ್ ಎಂದು ಬಹಳ ಹೇಳುತ್ತಾರೆ. ನೋಡಬೇಕಾದದ್ದು ಸಿಎಡಿಆರ್ ಒಂದನ್ನೇ, ಅಂದರೆ ಯಂತ್ರ ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಎಂಬ ಅಂಕಿಯನ್ನು. ಅವ್ವ ಮಲಗುವ ಕೋಣೆ ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರ. ಒಟ್ಟು 34 ಘನ ಮೀಟರ್. ಗಂಟೆಗೆ ಐದು ಬಾರಿಯಾದರೂ ಕೋಣೆಯ ಗಾಳಿ ಶುದ್ಧವಾಗಬೇಕೆಂದರೆ ಸಿಎಡಿಆರ್ 170 ಬೇಕು. ನಮ್ಮ ಯಂತ್ರದ್ದು 250. ದೊಡ್ಡ ಪಡಸಾಲೆಯಲ್ಲಿ ಇದೇ ಯಂತ್ರವನ್ನು ಇಟ್ಟು ನೋಡಿದೆ, ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಗಾಳಿಯ ಕಣಗಳಿಗೆ ವಿದ್ಯುದಂಶ ಕೊಡುವ ಅಯೊನೈಸರಿನ ಗುಂಡಿಯನ್ನು ನಾನು ಒತ್ತುವುದೇ ಇಲ್ಲ, ಏಕೆಂದರೆ ಅದರಿಂದ ಓಝೋನ್ ಎಂಬ ಅನಿಲ ಹುಟ್ಟಬಹುದು, ಉಬ್ಬಸದವರಿಗೆ ಓಝೋನ್ ಒಳ್ಳೆಯದಲ್ಲ.

ಮೊದಲ ಎರಡು ದಿನ ಪರದೆಯ ಮೇಲಿನ ಅಂಕಿ ಇಳಿಯಲೇ ಇಲ್ಲ. ಹಿಂಬದಿಯ ಮುಚ್ಚಳ ತೆಗೆದು ನೋಡಿದಾಗ ಫಿಲ್ಟರ್ ಇನ್ನೂ ಪ್ಲಾಸ್ಟಿಕ್ ಚೀಲದೊಳಗೇ ಇತ್ತು. ಜೋಡಿಸಿಕೊಟ್ಟು ಹೋದ ಹುಡುಗ ಅದನ್ನು ತೆಗೆದಿರಲಿಲ್ಲ, ಕೈಪಿಡಿಯಲ್ಲಿ ಆ ಸೂಚನೆ ಕಣ್ಣಿಗೆ ಬೀಳದಷ್ಟು ಸಣ್ಣ ಅಕ್ಷರಗಳಲ್ಲಿತ್ತು. ಹೊಗೆ ಕವಿದ ಎರಡು ರಾತ್ರಿಗಳು ಹೀಗೆ ವ್ಯರ್ಥವಾದವು ಎಂಬ ಬೇಸರ ನನಗೆ ಇಂದಿಗೂ ಇದೆ. ಕೊಂಡವರು ಮೊದಲು ಆ ಚೀಲವನ್ನು ತೆಗೆಯಿರಿ.

ಚೀಲ ತೆಗೆದ ರಾತ್ರಿ ಕೋಣೆಯಲ್ಲಿ 140 ಇದ್ದ ಅಂಕಿ ಮುಕ್ಕಾಲು ಗಂಟೆಯೊಳಗೆ 22ಕ್ಕೆ ಇಳಿಯಿತು. ಆದರೆ ಬಾಗಿಲು ತೆರೆದರೆ ಐದು ನಿಮಿಷದಲ್ಲಿ ಮತ್ತೆ ಏರುತ್ತಿತ್ತು. ಆಗ ತಿಳಿದದ್ದೇನೆಂದರೆ, ಯಂತ್ರದಷ್ಟೇ ಕೋಣೆಯೂ ಮುಖ್ಯ. ಹಂಚಿಗೂ ಗೋಡೆಗೂ ನಡುವಿನ ಸಂದುಗಳಿಗೆ ಅಂಟುಪಟ್ಟಿ ಹಚ್ಚಿದೆ, ಕಿಟಕಿಯ ಚೌಕಟ್ಟಿಗೆ ಸ್ಪಂಜಿನ ಪಟ್ಟಿ ಅಂಟಿಸಿದೆ, ಬಾಗಿಲ ಕೆಳಗೆ ಒದ್ದೆ ಬಟ್ಟೆಯ ಸುರುಳಿ ಇಟ್ಟೆ. ಬೆಳಿಗ್ಗೆ ಆ ಸುರುಳಿಯನ್ನು ಎತ್ತಿದಾಗ ಹೊರಮಗ್ಗುಲಿನ ಉದ್ದಕ್ಕೂ ಪೆನ್ಸಿಲಿನಿಂದ ಎಳೆದಂತೆ ಒಂದು ಕಪ್ಪು ಗೆರೆ ಮೂಡಿರುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ಅವ್ವ, "ತಮ್ಮಾ, ರಾತ್ರಿ ಒಮ್ಮೆನೂ ಎದ್ದು ಕೂತಿಲ್ಲ ನೋಡ" ಎಂದಳು. ನನಗೆ ಪರದೆಯ ಅಂಕಿಗಿಂತ ಅದೇ ದೊಡ್ಡ ಪುರಾವೆ.

ಕೂಲರ್ ಇರುವವರು ಒಂದು ಸಂಗತಿ ಗಮನಿಸಬೇಕು. ಕಿಟಕಿಗೆ ಕೂಡಿಸಿದ ಕೂಲರ್ ಹೊರಗಿನ ಗಾಳಿಯನ್ನೇ ಎಳೆದು ಒಳಗೆ ಬಿಡುತ್ತದೆ. ಅದರ ಒದ್ದೆ ಹುಲ್ಲಿನ ಪರದೆ ಧೂಳನ್ನು ಸ್ವಲ್ಪ ಹಿಡಿದೀತು, ಹೊಗೆಯ ಸಣ್ಣ ಕಣಗಳನ್ನು ಹಿಡಿಯುವುದಿಲ್ಲ. ನಾವು ಹೊಗೆಯ ದಿನಗಳಲ್ಲಿ ಅದನ್ನು ನಿಲ್ಲಿಸಿ ಸೀಲಿಂಗ್ ಫ್ಯಾನಿನಲ್ಲೇ ಕಳೆಯುತ್ತೇವೆ. ಏಪ್ರಿಲ್‌ನಲ್ಲಿ ಮುಚ್ಚಿದ ಕೋಣೆ ಕುದಿಯುತ್ತದೆ, ಇದು ಯಾವ ಪ್ಯೂರಿಫೈಯರೂ ಬಿಡಿಸದ ಕಷ್ಟ. ರಾತ್ರಿಯ ತಂಪಿನಲ್ಲಿ ಹೊಗೆ ತಗ್ಗಿನಲ್ಲಿ ಕೂತು ಬೆಳಗಿನ ಜಾವದವರೆಗೆ ದಟ್ಟವಾಗಿರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಮೇಲಕ್ಕೆ ಎದ್ದು ಚದುರುತ್ತದೆ. ಆದ್ದರಿಂದ ಹತ್ತು ಗಂಟೆಯ ನಂತರ ಹೊರಗೆ ನೋಡಿ, ಎದುರಿನ ಗುಡ್ಡ ಸ್ಪಷ್ಟವಾಗಿ ಕಂಡರೆ ಎರಡು ತಾಸು ಕಿಟಕಿ ತೆರೆಯುತ್ತೇವೆ. ಒಗ್ಗರಣೆಯ ಹೊಗೆಗೂ ಊದುಬತ್ತಿಗೂ ಅಂಕಿ ಏರುವುದನ್ನು ಕಂಡ ಮೇಲೆ, ದೇವರ ಮುಂದೆ ಬರೀ ಎಣ್ಣೆಯ ದೀಪ ಹಚ್ಚುವುದಕ್ಕೆ ಅವ್ವ ತಾನಾಗಿಯೇ ಒಪ್ಪಿದಳು.

ಯಂತ್ರದ ದೋಷಗಳನ್ನೂ ಹೇಳಬೇಕು. ಆಟೋ ಎಂಬ ವ್ಯವಸ್ಥೆ ನಂಬಲರ್ಹವಲ್ಲ: ಅಂಕಿ 50ಕ್ಕೆ ಇಳಿದ ಕೂಡಲೇ ಫ್ಯಾನ್ ತೀರಾ ನಿಧಾನವಾಗುತ್ತದೆ. ನಾವು ಮಲಗುವ ಮುನ್ನ ಒಂದು ಗಂಟೆ ಪೂರ್ಣ ವೇಗ, ಆಮೇಲೆ ಮಧ್ಯಮ ವೇಗ ಎಂದು ಇಡುತ್ತೇವೆ. ಪೂರ್ಣ ವೇಗದ ಸದ್ದಿನಲ್ಲಿ ನಿದ್ದೆ ಬರುವುದಿಲ್ಲ. ಸುಟ್ಟ ವಾಸನೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ, ಏಕೆಂದರೆ ಇದ್ದಿಲಿನ ಪದರ ಬಹಳ ತೆಳು. ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡನ್ನು ಈ ಫಿಲ್ಟರ್ ತಡೆಯುವುದೇ ಇಲ್ಲ; ಬೆಂಕಿ ಊರಿನ ಅಂಚಿಗೇ ಬಂದರೆ ಯಂತ್ರ ನಂಬಿ ಕೂರದೆ ಮನೆ ಬಿಟ್ಟು ದೂರ ಹೋಗಬೇಕು. ಹೊಲಕ್ಕೆ ಹೋಗುವ ಅಪ್ಪನಿಗೆ ಎನ್95 ಮಾಸ್ಕ್ ಬೇಕೇ ಬೇಕಾಯಿತು, ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಈ ಕಣಗಳು ನಿಲ್ಲುವುದಿಲ್ಲ.

ವಿದ್ಯುತ್ತಿನ ಹೊರೆ ಹೆಚ್ಚಿಲ್ಲ. 45 ವ್ಯಾಟ್ ಯಂತ್ರ ದಿನಕ್ಕೆ ಹತ್ತು ಗಂಟೆ ನಡೆದರೆ ಅರ್ಧ ಯೂನಿಟ್ಟೂ ಆಗುವುದಿಲ್ಲ, ಕರೆಂಟ್ ಹೋದಾಗ ಇನ್ವರ್ಟರ್ ಮೇಲೆಯೂ ನಡೆಯುತ್ತದೆ. ನಿಜವಾದ ಖರ್ಚು ಫಿಲ್ಟರಿನದು, 2,200 ರೂಪಾಯಿ. ಒಂದು ವರ್ಷ ಬಾಳುತ್ತದೆ ಎಂದು ಡಬ್ಬಿಯ ಮೇಲಿದೆ. ಹೊಗೆಯ ಊರಿನಲ್ಲಿ ಒಂದು ಬೇಸಿಗೆಗೆ ಒಂದು ಎಂದೇ ಲೆಕ್ಕ ಹಾಕಬೇಕು. ಮೊದಲ ಬೇಸಿಗೆ ಮುಗಿದು ತೆಗೆದಾಗ ಬೆಳ್ಳಗಿದ್ದ ಮಡಿಕೆಗಳು ಒಲೆಯ ಬೂದಿಯ ಬಣ್ಣಕ್ಕೆ ತಿರುಗಿದ್ದವು, ಹತ್ತಿರ ಹಿಡಿದರೆ ಸುಟ್ಟ ಎಲೆಯ ವಾಸನೆ ಬರುತ್ತಿತ್ತು. ಅದನ್ನು ತೊಳೆದು ಮತ್ತೆ ಹಾಕಬಾರದು, ಒದ್ದೆಯಾದರೆ ಹೆಪಾ ಕಾಗದ ಕೆಡುತ್ತದೆ. ಎರಡನೆಯ ಬೇಸಿಗೆಯಲ್ಲಿ ನಾನು ಮಾರ್ಚ್‌ನಲ್ಲಿ ಹೊಸ ಫಿಲ್ಟರ್ ಕೇಳಲು ಬೆಳಗಾವಿಯ ಅಂಗಡಿಗೆ ಹೋದೆ; ದಾಸ್ತಾನು ಇರಲಿಲ್ಲ, ತರಿಸಲು ಹದಿನೆಂಟು ದಿನ ಹಿಡಿಯಿತು, ಅಷ್ಟೂ ದಿನ ಹಳೆಯದರಲ್ಲೇ ನಡೆಸಬೇಕಾಯಿತು. ಈ ವರ್ಷದ ಫಿಲ್ಟರನ್ನು ಸಂಕ್ರಾಂತಿಗೇ ತರಿಸಿ, ಚೀಲ ಒಡೆಯದೆ ಕಪಾಟಿನಲ್ಲಿ ಇಟ್ಟಿದ್ದೇನೆ.