ಗಿಮ್ ತಿಂಡಿ: ಸಂತೆಯದ್ದೋ, ಪೊಟ್ಟಣದ್ದೋ, ಕರಿದದ್ದೋ?

ದಕ್ಷಿಣ ಕೊರಿಯಾದಲ್ಲಿ ಗಿಮ್ ಎಂಬ ಕಡಲಕಳೆಯ ಹಾಳೆಯಿಂದ ತಿಂಡಿ ಮಾಡುವವರಲ್ಲಿ ದೊಡ್ಡ ಕಂಪನಿಗಳಷ್ಟೇ ಅಲ್ಲ, ಮನೆಮಂದಿಯೇ ಸೇರಿ ನಡೆಸುವ ಸಣ್ಣ ಉದ್ಯಮಗಳೂ ಇವೆ. ಎಲ್ಲರೂ ತಮ್ಮದು ಆರೋಗ್ಯಕರವೆಂದೇ ಮಾರುತ್ತಾರೆ. ಸುವಾನ್ ನಗರದಲ್ಲಿ ನೆಲೆಸಿರುವ ನಮ್ಮ ಮನೆಯವರಿಗೆ ಸಂಜೆಯ ಕುರುಕಲಿಗೆ ಯಾವುದು ತಕ್ಕದ್ದೆಂದು ತಿಳಿಯಲು ಮೂರು ಬಗೆಗಳನ್ನು ತಿಂದು ಹೋಲಿಸಿದ್ದೇನೆ.

ಮೊದಲನೆಯದು ಪಲ್ದಾಲ್‌ಮುನ್ ದ್ವಾರದ ಸುತ್ತಲಿನ ಮಾರುಕಟ್ಟೆಯಲ್ಲಿ ಒಂದು ಕುಟುಂಬ ಕಣ್ಣೆದುರೇ ಸುಟ್ಟುಕೊಡುವ ಗಿಮ್. ಯಜಮಾನರು ಹಾಳೆಗೆ ತೆಳುವಾಗಿ ಪೆರಿಲ್ಲಾ ಎಂಬ ಗಿಡದ ಬೀಜದ ಎಣ್ಣೆ ಸವರಿ, ಚಿಟಿಕೆ ಉಪ್ಪು ಉದುರಿಸಿ ಮುಂದೆ ತಳ್ಳಿದರೆ, ಅವರ ಮಡದಿ ಅದನ್ನು ಬಿಸಿ ತಗಡಿನ ಮೇಲೆ ಹಾಕಿ ಚಕಚಕನೆ ಮಗುಚುತ್ತಾರೆ. ಕಾವಿಗೆ ಕೆಂಪು ವರ್ಣದ್ರವ್ಯ ನಾಶವಾಗಿ ಪತ್ರಹರಿತ್ತು ಉಳಿಯುವುದರಿಂದ, ಕಪ್ಪು-ನೇರಳೆ ಹಾಳೆ ನೋಡನೋಡುತ್ತಲೇ ಹಸಿರಿಗೆ ತಿರುಗುತ್ತದೆ; ಹದ ಬಂದದ್ದನ್ನು ಅವರು ಗುರುತಿಸುವುದು ಈ ಬಣ್ಣದಿಂದಲೇ. ಬೆರಳಿನಿಂದ ಒತ್ತಿದರೆ ಮುರಿಯುವಷ್ಟು ಗರಿಗರಿ, ಬಾಯಿಗಿಟ್ಟರೆ ಕರಗುವಷ್ಟು ತೆಳುವು. ಪೆರಿಲ್ಲಾ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಒಮೇಗಾ-3 ಕೊಬ್ಬು ಇರುವುದು ಗುಣವೂ ಹೌದು, ಅದೇ ಕಾರಣಕ್ಕೆ ಬೇಗ ಕಮಟುವುದು ದೋಷವೂ ಹೌದು. ಹೆಚ್ಚು ದಿನ ಇಡುವಂತಿಲ್ಲ.

ಎರಡನೆಯದು ಊಟದ ಡಬ್ಬಿಯ ಅಳತೆಗೆ ಕತ್ತರಿಸಿದ ಪೊಟ್ಟಣದ ಗಿಮ್. ದಕ್ಷಿಣ ಚುಂಗ್‌ಚಾಂಗ್ ಪ್ರಾಂತ್ಯದ ಗ್ವಾಂಗ್‌ಚಾನ್ ಇದಕ್ಕೆ ಹೆಸರುವಾಸಿ. ತೇವ ಹೀರುವ ಪುಟ್ಟ ಚೀಲ ಒಳಗಿರುವುದರಿಂದ ಬಹುಕಾಲ ಗರಿ ಉಳಿಯುತ್ತದೆ. ಆದರೆ ಅನ್ನದ ಜೊತೆಗೆಂದು ಹಾಕಿದ ಉಪ್ಪು, ಬರಿದೇ ತಿಂದಾಗ ನಾಲಿಗೆಗೆ ಹೊಡೆಯುತ್ತದೆ.

ಮೂರನೆಯದು ಗಿಮ್-ಬುಗಾಕ್. ಅಂಟಕ್ಕಿಯ ಗಂಜಿಯನ್ನು ಹಾಳೆಗೆ ಬಳಿದು, ಒಣಗಿಸಿ, ಎಣ್ಣೆಯಲ್ಲಿ ಕರಿದಾಗ ಅದು ನಮ್ಮ ಸಂಡಿಗೆಯಂತೆಯೇ ಅರಳುತ್ತದೆ. ರುಚಿಯಲ್ಲಿ ಇದನ್ನು ಮೀರಿಸುವುದು ಇಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ಕರಿದ ತಿಂಡಿಯನ್ನು ಕಡಲಕಳೆಯ ಹೆಸರಿನಲ್ಲಿ ಆರೋಗ್ಯಕರವೆನ್ನುವುದನ್ನು ನಾನು ಒಪ್ಪಲಾರೆ: ಗಿಮ್ ಹಾಳೆಯೊಂದು ಎರಡು-ಮೂರು ಗ್ರಾಂ ತೂಗುತ್ತದೆ, ಉಳಿದದ್ದೆಲ್ಲ ಪಿಷ್ಟ ಮತ್ತು ಎಣ್ಣೆ.

ಸಸ್ಯಾಹಾರಿಗಳು ಇನ್ನೂ ಎರಡು ವಿಷಯ ಗಮನಿಸಬೇಕು. ಬುಗಾಕ್ ಬೌದ್ಧ ಮಠಗಳ ಅಡುಗೆಯಲ್ಲೂ ಇದೆಯಾದರೂ, ಹೊರಗೆ ಕೆಲವರು ಗಂಜಿಗೆ ಒಣಮೀನಿನ ಸಾರು ಬೆರೆಸುತ್ತಾರೆ. ಜೊತೆಗೆ, ಸಿಗಡಿ ಮತ್ತು ಏಡಿ ವಾಸಿಸುವ ನೀರಿನಿಂದಲೇ ಕಳೆ ಬರುತ್ತದೆಂಬ ಎಚ್ಚರಿಕೆ ಹಲವು ಪೊಟ್ಟಣಗಳ ಮೇಲಿರುತ್ತದೆ. ದಾಶಿಮಾ ಎಂಬ ದಪ್ಪ ಕಡಲಕಳೆಗೆ ಹೋಲಿಸಿದರೆ ಗಿಮ್‌ನಲ್ಲಿ ಅಯೋಡಿನ್ ಬಹಳ ಕಡಿಮೆ. ಹಾಗಿದ್ದರೂ ಥೈರಾಯ್ಡ್ ತೊಂದರೆಯಿರುವವರು ದಿನನಿತ್ಯ ತಿನ್ನುವ ಮೊದಲು ವೈದ್ಯರನ್ನು ಕೇಳುವುದು ಲೇಸು.

ನಮ್ಮ ಮನೆಗೆ ಈಗ ಬರುವುದು ಮಾರುಕಟ್ಟೆಯ ಗಿಮ್ಮೇ. ಉಪ್ಪು ಬೇಡವೆಂದರೆ ಆ ದಂಪತಿ ಬೇಸರಿಸದೆ ಹಾಗೆಯೇ ಸುಟ್ಟುಕೊಡುತ್ತಾರೆ. ಪೊಟ್ಟಣ ತಯಾರಿಸುವವರಿಂದ ಇಂಥ ಅನುಕೂಲ ಸಿಗದು. ಉಳಿದದ್ದನ್ನು ಗಾಳಿಯಾಡದಂತೆ ಕಟ್ಟಿ ಫ್ರೀಜರ್‌ನಲ್ಲಿಟ್ಟು, ಬೇಕಾದಾಗ ಕಾವಲಿಯ ಮೇಲೆ ಕ್ಷಣಹೊತ್ತು ಬಿಸಿಮಾಡಿದರೆ ಗರಿ ಮರಳುತ್ತದೆ.