ಐಸಿಪಿ0 ನೋಡಲು 11060 ಆಂಟಿಬಾಡಿ: ಕೊಳ್ಳಬಹುದು, ಆದರೆ ಜೊತೆಗಾರರನ್ನು ನೋಡಿ ಆರಿಸಿ

ಹರ್ಪಿಸ್ ಸಿಂಪ್ಲೆಕ್ಸ್ ಒಂದನೇ ಬಗೆಯ ವೈರಸ್ ಹೊಕ್ಕ ಜೀವಕೋಶದಲ್ಲಿ ಐಸಿಪಿ0 ಪ್ರೋಟೀನ್ ಯಾವ ಹೊತ್ತಿಗೆ ಎಲ್ಲಿರುತ್ತದೆ ಎಂದು ನೋಡಹೊರಟವರಲ್ಲಿ ಬಹಳ ಮಂದಿ ಬಂದು ನಿಲ್ಲುವುದು 11060 ಎಂಬ ಇಲಿ (ಮೌಸ್) ಮಾನೋಕ್ಲೋನಲ್ ಆಂಟಿಬಾಡಿಯ ಬಳಿ, ಎಂದರೆ ಒಂದೇ ಕೋಶವಂಶದಿಂದ (ಕ್ಲೋನ್) ಬಂದ, ಐಸಿಪಿ0ಗೆ ಅಂಟಿ ಅದನ್ನು ತೋರಿಸುವ ಆಂಟಿಬಾಡಿಯ ಬಳಿ. ಗ್ಲ್ಯಾಸ್ಗೋದಲ್ಲಿ ರೋಜರ್ ಎವರೆಟ್ ಅವರ ತಂಡ 1990ರ ದಶಕದಿಂದ ಬಳಸಿದ ಕ್ಲೋನ್ ಇದು. ಈಗ ಸಾಂತಾ ಕ್ರೂಜ್ ಬಯೋಟೆಕ್ನಾಲಜಿ ಇದನ್ನು ಎಸ್‌ಸಿ-53070 ಸಂಖ್ಯೆಯಡಿ ಮಾರುತ್ತದೆ. ಐದಕ್ಕೆ ನಾಲ್ಕೂವರೆ ಅಂಕ ಕೊಡಬಹುದು. ಕಳೆದ ಅರ್ಧ ಅಂಕ ಆಂಟಿಬಾಡಿಗಲ್ಲ, ಅದನ್ನು ಕರಗಿಸಿಟ್ಟ ದ್ರಾವಣಕ್ಕೆ. ಅದರ ಮಾತು ಕೊನೆಯಲ್ಲಿ.

ಐಸಿಪಿ0 ಒಂದು ಕಡೆ ನಿಲ್ಲುವ ಪ್ರೋಟೀನ್ ಅಲ್ಲ. ಸೋಂಕಿನ ಮೊದಲ ಎರಡು ಗಂಟೆಗಳಲ್ಲಿ ನ್ಯೂಕ್ಲಿಯಸ್‌ನೊಳಗೆ ಪಿಎಮ್‌ಎಲ್ ಪ್ರೋಟೀನ್ ಕೂಡಿಕೊಂಡ ಎನ್‌ಡಿ10 ಚುಕ್ಕೆಗಳ ಮೇಲೆ ಕೂರುತ್ತದೆ. 775 ಅಮೈನೋ ಆಮ್ಲಗಳ ಈ ಪ್ರೋಟೀನ್‌ನಲ್ಲಿ 116ರಿಂದ 156ರವರೆಗಿನ ಭಾಗ ರಿಂಗ್ ಫಿಂಗರ್. ಅದು ಯುಬಿಕ್ವಿಟಿನ್ ಎಂಬ ಗುರುತು ಅಂಟಿಸುವ ಲೈಗೇಸ್ ಕೆಲಸ ಮಾಡಿ ಪಿಎಮ್‌ಎಲ್ ಅನ್ನು ಪ್ರೋಟೀನ್ ಒಡೆಯುವ ಪ್ರೋಟಿಯಾಸೋಮ್‌ಗೆ ತಳ್ಳುತ್ತದೆ. ಚುಕ್ಕೆಗಳು ಅಳಿದ ಮೇಲೆ ಐಸಿಪಿ0 ನ್ಯೂಕ್ಲಿಯಸ್ ತುಂಬ ಹರಡುತ್ತದೆ. ಆಮೇಲೆ, ಮಾನವ ಫೈಬ್ರೋಬ್ಲಾಸ್ಟ್‌ಗಳಲ್ಲಿ ಹೆಚ್ಚುಕಡಿಮೆ 5ರಿಂದ 9 ಗಂಟೆಯ ನಡುವೆ, ಸೈಟೋಪ್ಲಾಸಂಗೆ ದಾಟುತ್ತದೆ. 11060 ಈ ಮೂರೂ ಹಂತಗಳನ್ನು ಬಿಡಿಬಿಡಿಯಾಗಿ ತೋರಿಸುತ್ತದೆ. ಪ್ರೋಟೀನ್‌ಗಳನ್ನು ಗಾತ್ರದಂತೆ ಬಿಡಿಸಿ ನೋಡುವ ವೆಸ್ಟರ್ನ್ ಬ್ಲಾಟ್‌ನಲ್ಲೂ 110 ಕಿಲೋಡಾಲ್ಟನ್ ಆಸುಪಾಸಿನ ಪಟ್ಟಿ ಚೆನ್ನಾಗಿ ಬರುತ್ತದೆ. ಹಾಗಾಗಿ ಚಿತ್ರದಲ್ಲಿ ಕಂಡದ್ದನ್ನು ಬ್ಲಾಟ್‌ನಲ್ಲಿ ತಾಳೆ ನೋಡಲು ಇನ್ನೊಂದು ಆಂಟಿಬಾಡಿ ಕೊಳ್ಳಬೇಕಿಲ್ಲ.

ಇದು ಇಲಿಯದು ಎಂಬುದೇ ಇದರ ದೊಡ್ಡ ಗುಣ. ಸೋಂಕು ಮುಂದುವರಿದಂತೆ ಜೀವಕೋಶದ ಹೊರಪೊರೆಯಲ್ಲೂ ಒಳಗಿನ ಪೊರೆಗಳಲ್ಲೂ ವೈರಸ್ಸಿನ ಜಿಇ ಮತ್ತು ಜಿಐ ಗ್ಲೈಕೋಪ್ರೋಟೀನ್‌ಗಳ ಜೋಡಿ ಮೂಡುತ್ತದೆ. ಈ ಜೋಡಿ ಐಜಿಜಿ ಬಗೆಯ ಆಂಟಿಬಾಡಿಗಳ ಎಫ್‌ಸಿ ಎಂಬ ಬಾಲದ ತುದಿಯನ್ನು ಹಿಡಿದುಕೊಳ್ಳುತ್ತದೆ. ಮನುಷ್ಯನ ಐಜಿಜಿಯನ್ನೂ ಮೊಲದ ಐಜಿಜಿಯನ್ನೂ ಗಟ್ಟಿಯಾಗಿ ಹಿಡಿಯುತ್ತದೆ, ಇಲಿಯದನ್ನು ಹಿಡಿಯುವುದಿಲ್ಲ. ಎಂಟನೇ ಗಂಟೆಯಲ್ಲಿ ಕೋಶಗಳನ್ನು ಫಿಕ್ಸ್ ಮಾಡಿ (ಇದ್ದಹಾಗೇ ಗಟ್ಟಿಗೊಳಿಸಿ) ಮೊಲದ ಪಾಲಿಕ್ಲೋನಲ್ (ಹಲವು ಆಂಟಿಬಾಡಿಗಳ ಮಿಶ್ರಣ) ಹಾಕಿದರೆ ನ್ಯೂಕ್ಲಿಯಸ್ ಪಕ್ಕದಲ್ಲೂ ಕೋಶದ ಅಂಚಿನಲ್ಲೂ ಹೊಳಪು ಬರುತ್ತದೆ. ನೋಡಿದವರು "ಪ್ರೋಟೀನ್ ಸೈಟೋಪ್ಲಾಸಂಗೆ ಬಂತು" ಎಂದು ಬರೆದುಕೊಳ್ಳುತ್ತಾರೆ. ಬಂದದ್ದು ಜಿಇ. ಐಸಿಪಿ0 ನಿಜಕ್ಕೂ ಸೈಟೋಪ್ಲಾಸಂಗೆ ದಾಟುವ ಹೊತ್ತೂ ಅದೇ ಆದ್ದರಿಂದ ಈ ಸುಳ್ಳು ನಿಜದ ವೇಷದಲ್ಲೇ ಬರುತ್ತದೆ.

ತೊಡಕು ಶುರುವಾಗುವುದು ಪಿಎಮ್‌ಎಲ್ ಅನ್ನೂ ಒಟ್ಟಿಗೆ ನೋಡಬೇಕೆಂದಾಗ. ಪಿಎಮ್‌ಎಲ್ ನೋಡಲು ಹೆಸರಾದ ಪಿಜಿ-ಎಮ್3 ಕ್ಲೋನ್ ಕೂಡ ಇಲಿಯದೇ. ಮೊದಲ ಆಂಟಿಬಾಡಿಗೆ ಅಂಟಿ ಹೊಳೆಯುವ ಎರಡನೇ ಆಂಟಿಬಾಡಿಗೆ ಸೆಕೆಂಡರಿ ಎನ್ನುತ್ತಾರೆ; ಸಾಮಾನ್ಯ ಇಲಿ-ವಿರೋಧಿ ಸೆಕೆಂಡರಿಗೆ ಎರಡರ ನಡುವೆ ಭೇದ ತಿಳಿಯದು. ಹಾಗಾಗಿ ಹೆಚ್ಚಿನವರು ಮೊಲದ ಪಿಎಮ್‌ಎಲ್ ಆಂಟಿಬಾಡಿ ತರುತ್ತಾರೆ. ಮೂರನೇ ಗಂಟೆಯವರೆಗೆ ಅದು ನಡೆಯುತ್ತದೆ, ಜಿಇ ಆಗ ಇನ್ನೂ ಹೇಳಿಕೊಳ್ಳುವಷ್ಟು ಇರುವುದಿಲ್ಲ. ಆಮೇಲೆ ಪಿಎಮ್‌ಎಲ್ ಅಳಿದಿರುತ್ತದೆ, ಜಿಇ ಹುಟ್ಟಿರುತ್ತದೆ. ತಡವಾದ ಹಂತದಲ್ಲಿ ಆ ಬಣ್ಣದಲ್ಲಿ ಕಂಡದ್ದನ್ನು ನಂಬಬೇಡಿ. ಮೊಲದ ಆಂಟಿಬಾಡಿಯೇ ಬೇಕೆಂದರೆ ಎಫ್‌ಸಿ ಕತ್ತರಿಸಿದ ಎಫ್‌ಎಬಿ ತುಣುಕು ಹಾಕಿ, ಇಲ್ಲವೇ ಮೊದಲೇ ಬೇರೆ ಐಜಿಜಿ ಕೊಟ್ಟು ಜಿಇಯನ್ನು ತಣಿಸಿ (ಬ್ಲಾಕ್ ಮಾಡಿ).

ತಣಿಸಲು ಹಲವು ಕೈಪಿಡಿಗಳು ಹತ್ತು ಶೇಕಡಾ ಮಾನವ ಸೀರಂ ಎನ್ನುತ್ತವೆ. ಅದರಲ್ಲಿ ಎರಡು ಗುಂಡಿಗಳಿವೆ. ವಯಸ್ಕರಲ್ಲಿ ಬಹುಪಾಲು ಜನರ ರಕ್ತದಲ್ಲಿ ಈ ವೈರಸ್ಸಿನ ವಿರುದ್ಧ ಆಂಟಿಬಾಡಿ ಇರುತ್ತದೆ. ಅದು ನೀವು ಹುಡುಕುವ ಪ್ರೋಟೀನಿಗೇ ಹೋಗಿ ಅಂಟಿ 11060ಕ್ಕೆ ಜಾಗ ಬಿಡದಿರಬಹುದು. ಹರ್ಪಿಸ್ ಆಂಟಿಬಾಡಿ ಇಲ್ಲವೆಂದು ಪರೀಕ್ಷಿಸಿದ ಸೀರಂ ಅಥವಾ ಶುದ್ಧ ಮಾನವ ಎಫ್‌ಸಿ ತುಣುಕು ಕೊಳ್ಳಿ. ಎರಡನೆಯದು, ಸೆಕೆಂಡರಿ ಆಂಟಿಬಾಡಿ ಮಾನವ ಐಜಿಜಿಯ ಮೇಲೆ ಅಡ್ಡ-ಶೋಧನೆ (ಕ್ರಾಸ್-ಅಡ್ಸಾರ್ಪ್ಶನ್) ಆಗಿರಲೇಬೇಕು, ಎಂದರೆ ಮಾನವ ಐಜಿಜಿಗೆ ಅಂಟುವ ಪಾಲನ್ನು ಅದರಿಂದ ತೆಗೆದಿರಬೇಕು. ಇಲ್ಲದಿದ್ದರೆ ತಣಿಸಲು ಹಾಕಿದ ಐಜಿಜಿಯೇ ಹೊಳೆಯುತ್ತದೆ. ಅಗ್ಗದ ಸೆಕೆಂಡರಿ ತಂದು ಉಳಿಸಿದ ಹಣ ಇಲ್ಲಿ ಎರಡರಷ್ಟಾಗಿ ಹೋಗುತ್ತದೆ.

ಕ್ರಮ ಹೀಗಿರಲಿ. 24 ಗುಳಿಯ ತಟ್ಟೆಯಲ್ಲಿ 13 ಮಿಲಿಮೀಟರ್ ಕವರ್‌ಸ್ಲಿಪ್, ಗುಳಿಗೆ ಒಂದು ಲಕ್ಷ ಮಾನವ ಫೈಬ್ರೋಬ್ಲಾಸ್ಟ್. ಕೋಶಕ್ಕೆ ಸೋಂಕು ತಗುಲಿಸಬಲ್ಲ 5ರಿಂದ 10 ವೈರಸ್ ಕಣ (ಪಿಎಫ್‌ಯು) ಸಿಗುವಂತೆ ಹಾಕಿ, 37 ಡಿಗ್ರಿಯಲ್ಲಿ ಒಂದು ಗಂಟೆ ಅಂಟಲು ಬಿಟ್ಟು ತೊಳೆಯಿರಿ. ಸಮಯದ ಎಣಿಕೆ ಎಲ್ಲಿಂದ ಶುರು ಎಂಬುದನ್ನು ಪುಸ್ತಕದಲ್ಲಿ ಬರೆದಿಡಿ, ವೈರಸ್ ಹಾಕಿದ ಕ್ಷಣವೋ ತೊಳೆದ ಕ್ಷಣವೋ. ಒಂದು ಗಂಟೆಯ ಆ ವ್ಯತ್ಯಾಸವೇ ಎಷ್ಟೋ ಲ್ಯಾಬ್‌ಗಳ ಚಿತ್ರಗಳು ತಾಳೆಯಾಗದಿರಲು ಕಾರಣ. ಒಂದೂವರೆ, ಮೂರು, ಆರು, ಒಂಬತ್ತನೇ ಗಂಟೆಗೆ 4 ಶೇಕಡಾ ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ 10 ನಿಮಿಷ, 50 ಮಿಲಿಮೋಲಾರ್ ಅಮೋನಿಯಂ ಕ್ಲೋರೈಡ್‌ನಲ್ಲಿ 10 ನಿಮಿಷ, 0.5 ಶೇಕಡಾ ಟ್ರೈಟನ್ ಎಕ್ಸ್-100ರಲ್ಲಿ 10 ನಿಮಿಷ. ತಣಿಸುವಿಕೆ ಅರ್ಧ ಗಂಟೆ. 11060 ಅನ್ನು 200ಕ್ಕೆ ಒಂದು, 500ಕ್ಕೆ ಒಂದು, 1000ಕ್ಕೆ ಒಂದು ಎಂದು ಮೊದಲು ಹದ ನೋಡಿ, ಕೋಣೆಯ ತಾಪದಲ್ಲಿ ಒಂದು ಗಂಟೆ ಇಡಿ. ಹೊಸ ಲಾಟ್ ಬಂದಾಗಲೆಲ್ಲ ಹದ ಮತ್ತೆ ನೋಡಬೇಕು. ಡಿಎನ್ಎಗೆ ಹಿಡಿಯುವ ಡಾಪಿ ಬಣ್ಣ ಮರೆಯಬೇಡಿ. ತಡವಾದ ಹಂತದಲ್ಲಿ ಕೋಶದ ಕ್ರೋಮ್ಯಾಟಿನ್ ನ್ಯೂಕ್ಲಿಯಸ್‌ನ ಅಂಚಿಗೆ ಸರಿದಿರುವುದು ಅದರಲ್ಲೇ ಕಾಣುವುದು.

ಮೊದಲ ಗಂಟೆಗಳಲ್ಲೇ ನ್ಯೂಕ್ಲಿಯಸ್ ಕಪ್ಪಾಗಿ ಸೈಟೋಪ್ಲಾಸಂ ಮಾತ್ರ ಹೊಳೆದರೆ ಮೊದಲು ಪೊರೆಗೆ ತೂತು ಮಾಡುವ ಟ್ರೈಟನ್ ಅನ್ನು ಅನುಮಾನಿಸಿ. 0.1 ಶೇಕಡಾ ಸಾಲದೆ ಆಂಟಿಬಾಡಿ ಒಳಗೆ ಹೋಗಿರುವುದಿಲ್ಲ. ಒಂದೇ ಕವರ್‌ಸ್ಲಿಪ್‌ನಲ್ಲಿ ಮೂರು ಹಂತಗಳ ಕೋಶಗಳೂ ಬೆರೆತಿದ್ದರೆ ವೈರಸ್ ಪ್ರಮಾಣ ಕಡಿಮೆ, ಎಲ್ಲ ಕೋಶಗಳಿಗೂ ಒಟ್ಟಿಗೆ ಸೋಂಕು ತಗುಲಿಲ್ಲ.

ಫಿಕ್ಸ್ ಮಾಡಲು ಮೆಥನಾಲ್ ಸುಲಭ ಎಂದು ಅದಕ್ಕೆ ಹೋಗುವವರಿಗೆ ಇದೇ ವೈರಸ್ಸಿನ ವಿಪಿ22 ಪ್ರೋಟೀನ್‌ನ ಕಥೆ ಗೊತ್ತಿರಲಿ. ಅದು ಒಂದು ಕೋಶದಿಂದ ಪಕ್ಕದ ಕೋಶಗಳ ನ್ಯೂಕ್ಲಿಯಸ್‌ಗೆ ತಾನಾಗಿ ಹೋಗುತ್ತದೆ ಎಂದು 1997ರಲ್ಲಿ ಎಲಿಯಟ್ ಮತ್ತು ಓಹೇರ್ ಪ್ರಕಟಿಸಿದರು. ಔಷಧ ಸಾಗಿಸುವ ವಾಹನ ಸಿಕ್ಕಿತೆಂದು ದೊಡ್ಡ ಸುದ್ದಿಯೂ ಆಯಿತು. 2001ರಲ್ಲಿ ಲುಂಡ್‌ಬರ್ಗ್ ಮತ್ತು ಯೋಹಾನ್ಸನ್, ನ್ಯೂಕ್ಲಿಯಸ್ ಸೇರುವ ಆ ನೋಟ ಫಿಕ್ಸ್ ಮಾಡುವಾಗ ಉಂಟಾದದ್ದಿರಬಹುದು ಎಂದು ತೋರಿಸಿದರು. ಜಾಗವನ್ನೇ ಅಳೆಯುವ ಪ್ರಯೋಗದಲ್ಲಿ ಫಿಕ್ಸೇಟಿವ್ ಕೂಡ ಒಂದು ಅಳತೆಗೋಲು. ಕನಿಷ್ಠ ಒಂದು ಸಲವಾದರೂ ಎರಡು ವಿಧಾನದಲ್ಲಿ ಮಾಡಿ ಹೋಲಿಸಿ.

ಕಂಟ್ರೋಲ್ ವಿಷಯಕ್ಕೆ ಬಂದರೆ, ಸೋಂಕಿಲ್ಲದ ಕೋಶ ಒಂದೇ ಸಾಲದು. ಅದರಲ್ಲಿ ಜಿಇಯೇ ಇಲ್ಲ, ಹಾಗಾಗಿ ಅದು ಯಾವಾಗಲೂ ಸ್ವಚ್ಛವಾಗಿಯೇ ಕಾಣುತ್ತದೆ. ಬೇಕಾದದ್ದು ಐಸಿಪಿ0 ಜೀನ್ ಕಳೆದ ಡಿಎಲ್1403 ವೈರಸ್. ಫೈಬ್ರೋಬ್ಲಾಸ್ಟ್‌ಗಳಿಗೆ ಕಡಿಮೆ ಪ್ರಮಾಣದಲ್ಲಿ ಹಾಕಿದರೆ ಅದು ಸರಿಯಾಗಿ ಬೆಳೆಯುವುದಿಲ್ಲ. ಯು2ಓಎಸ್ ಕೋಶಗಳಲ್ಲಿ ಐಸಿಪಿ0 ಇಲ್ಲದೆಯೂ ಚೆನ್ನಾಗಿ ಬೆಳೆಯುತ್ತದೆ, ಈ ಕಂಟ್ರೋಲ್ ಅಲ್ಲೇ ಮಾಡಿ. ಜೊತೆಗೆ ಸೋಂಕು ತಗುಲಿದ ಕೋಶಕ್ಕೆ ಸೆಕೆಂಡರಿ ಮಾತ್ರ ಹಾಕಿದ್ದೊಂದು. ಪ್ರೋಟಿಯಾಸೋಮ್ ತಡೆಯುವ ಎಮ್‌ಜಿ132 ಮದ್ದನ್ನು 10 ಮೈಕ್ರೋಮೋಲಾರ್‌ನಲ್ಲಿ, ವೈರಸ್ ತೊಳೆದ ಮೇಲೆ ಹಾಕಿದರೆ ಪಿಎಮ್‌ಎಲ್ ಉಳಿದು ಐಸಿಪಿ0 ನ್ಯೂಕ್ಲಿಯಸ್‌ನಲ್ಲೇ ತಡೆಯುತ್ತದೆ. ಆದರೆ ಈ ಮದ್ದು ಸೋಂಕನ್ನೇ ನಿಧಾನ ಮಾಡಬಲ್ಲದು, ಆದ್ದರಿಂದ ವೈರಸ್ಸಿನ ಇನ್ನೊಂದು ಪ್ರೋಟೀನ್ ಐಸಿಪಿ4ರ ಮಟ್ಟವನ್ನೂ ಬ್ಲಾಟ್‌ನಲ್ಲಿ ನೋಡಿಕೊಳ್ಳಿ. ತುಂಡರಿಸಿದ ಐಸಿಪಿ0 ರೂಪಗಳನ್ನು ನೋಡುವವರು 11060 ಅಂಟುವ ಭಾಗ ಆ ತುಂಡಿನಲ್ಲಿ ಉಳಿದಿದೆಯೇ ಎಂದು ಬ್ಲಾಟ್‌ನಲ್ಲಿ ಖಚಿತಪಡಿಸಿಕೊಂಡು ಮುಂದುವರಿಯಬೇಕು.

ಇನ್ನು ಆ ಅರ್ಧ ಅಂಕ. ಬಾಟಲಿಯ ದ್ರಾವಣದಲ್ಲಿ ಸೋಡಿಯಂ ಅಜೈಡ್ ಮತ್ತು ಜೆಲಟಿನ್ ಇರುತ್ತವೆ. ಫ್ರಿಜ್‌ನಲ್ಲಿ 4 ಡಿಗ್ರಿಯಲ್ಲಿಟ್ಟರೆ ಸಾಕು, ಫ್ರೀಜ್ ಮಾಡಬಾರದು. ನೀವೇ ಬಣ್ಣ ಜೋಡಿಸಿಕೊಂಡು ಸೆಕೆಂಡರಿಯ ಗೋಜು ತಪ್ಪಿಸುವ ಎಂದರೆ ಜೆಲಟಿನ್ ಅಡ್ಡ ಬರುತ್ತದೆ. ಅಮೈನ್‌ಗೆ ಅಂಟುವ ಬಣ್ಣ ಆಂಟಿಬಾಡಿಗಿಂತ ಮೊದಲು ಅದಕ್ಕೇ ಹೋಗಿ ಸೇರುತ್ತದೆ. ಅಂಥವರು ಮೊದಲು ಪ್ರೋಟೀನ್-ಜಿ ಕಾಲಮ್‌ನಲ್ಲಿ ಶುದ್ಧ ಮಾಡಿಕೊಳ್ಳಬೇಕು. ಜೀವಂತ ಕೋಶದಲ್ಲಿ ಚಲನೆಯನ್ನೇ ಹಿಂಬಾಲಿಸಬೇಕಾದವರಿಗೆ ಈ ಬಾಟಲಿಯಿಂದ ಪ್ರಯೋಜನವಿಲ್ಲ. ಐಸಿಪಿ0ಗೆ ಹಳದಿ ಹೊಳೆವ ಪ್ರೋಟೀನ್ ಜೋಡಿಸಿದ ವೈರಸ್ ಇದೆ, ಅದನ್ನು ಕೇಳಿ ತರಿಸಿಕೊಳ್ಳಲಿ.