ಮಂಡಿ ಸವೆತಕ್ಕೆ ಎಲಾಸ್ಟಿಕ್ ಟೇಪೋ, ಬಿಗಿ ಟೇಪೋ, ನೀ ಕ್ಯಾಪೋ?

ಮೂರನ್ನೂ ಕರಾವಳಿಯ ಬೆವರಿನಲ್ಲಿ ಹಾಕಿ ನೋಡಿದವರು ನಾವು. ನೆಲದ ಮೇಲೆ ಕೂತು ಕೆಲಸ ಮಾಡುವವರಿಗೆ ನಮ್ಮ ಮೊದಲ ಆಯ್ಕೆ ಎಲಾಸ್ಟಿಕ್ ಟೇಪ್, ಅಂದರೆ ಚರ್ಮಕ್ಕೆ ಅಂಟಿಸುವ, ಎಳೆದರೆ ಹಿಗ್ಗುವ ಬಟ್ಟೆಯ ಪಟ್ಟಿ. ಶಿರಸಿ ಕಡೆ ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವಾಗ, ಕಾರವಾರದಲ್ಲಿ ಮೀನು ಹೆಚ್ಚುವಾಗ ಮಂಡಿ ಪೂರ್ತಿ ಮಡಚಿದರೂ ಅದು ಕಚ್ಚುವುದಿಲ್ಲ.

ಅಂಟಿಸುವಾಗಲೇ ಹೆಚ್ಚಿನವರು ಎಡವುವುದು. ನೋವಿನ ಎಣ್ಣೆ, ಬಾಮ್ ಹಚ್ಚಿದ ಚರ್ಮಕ್ಕೆ ಟೇಪ್ ನಿಲ್ಲದು. ಬಾಮಿನ ಮೇಲೆ ಅಂಟಿಸಿದರೆ ಉರಿಯೂ ಏಳುತ್ತದೆ. ಸೋಪು ಹಾಕಿ ತೊಳೆದು ಪೂರ್ತಿ ಒಣಗಿಸಿ. 5 ಸೆಂ.ಮೀ. ಅಗಲದ ಟೇಪನ್ನು ಒಂದಡಿ ಕತ್ತರಿಸಿ, ಮೂಲೆ ದುಂಡಗೆ ಮಾಡಿ, ಒಂದು ತುದಿಯಿಂದ ಎರಡು ಬಾಲ ಬರುವಂತೆ ಸೀಳಿ. ಸೀಳದ ತುದಿಯನ್ನು ತೊಡೆಯ ಮುಂಭಾಗಕ್ಕೆ ಎಳೆಯದೆ ಅಂಟಿಸಿ. ಮಂಡಿ ಮಡಚಿ, ಬಾಲಗಳನ್ನು ಚಿಪ್ಪಿನ ಎರಡೂ ಬದಿಗೆ ಹಗುರವಾಗಿ ಎಳೆದು ಸುತ್ತಿಸಿ. ಕೊನೆಯ 3 ಸೆಂ.ಮೀ. ಮತ್ತೆ ಎಳೆತವಿಲ್ಲದೆ. ಜೋರಾಗಿ ಎಳೆದರೆ ಹೆಚ್ಚು ಗುಣ ಎಂಬುದು ತಪ್ಪು: ತುದಿ ಎಳೆದಲ್ಲೇ ಗುಳ್ಳೆ ಏಳುವುದು. ಅಂಟು ಬಿಸಿಗೆ ಹಿಡಿಯುವಂಥದ್ದು, ಅಂಗೈಯಿಂದ ಚೆನ್ನಾಗಿ ಉಜ್ಜಿ, ಒಂದು ತಾಸು ಬೆವರಬೇಡಿ. ಹಾಗಾಗಿ ರಾತ್ರಿಯೇ ಸರಿ. ಮೂರರಿಂದ ಐದು ದಿನ ಇರಬೇಕಾದದ್ದು, ಮೇ ತಿಂಗಳಲ್ಲಿ ಬೇಗನೇ ಅಂಚು ಬಿಡುತ್ತದೆ. ಬಣ್ಣಕ್ಕೂ ಗುಣಕ್ಕೂ ಸಂಬಂಧವಿಲ್ಲ.

ಬಿಗಿ ಟೇಪ್ ಎಳೆದರೂ ಹಿಗ್ಗದ ಬೇರೆಯೇ ಜಾತಿ. ಕೆಳಗೆ ಬಿಳಿ ಮೆತ್ತನೆಯ ಟೇಪ್, ಮೇಲೆ 38 ಮಿ.ಮೀ.ನ ಕಂದು ಟೇಪ್. ಕಾಲು ಚಾಚಿ, ತೊಡೆ ಸಡಿಲ ಬಿಟ್ಟು, ಚಿಪ್ಪನ್ನು ಒಳಬದಿಗೆ ಸರಿಸಿ ಹಿಡಿಸಬೇಕು. ಮೆಟ್ಟಿಲು ಇಳಿಯುವಾಗ ಚಿಪ್ಪಿನ ಸುತ್ತ ಚುಚ್ಚುವ ನೋವಿಗೆ ಇದರಷ್ಟು ಚುರುಕು ಎಲಾಸ್ಟಿಕ್‌ಗಿಲ್ಲ. ಆಸ್ಟ್ರೇಲಿಯಾದಲ್ಲಿ 87 ಜನರ ಮೇಲೆ ಮೂರು ವಾರ ನಡೆದ, 2003ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇಂಥ ಟೇಪ್ ಹಾಕಿಸಿಕೊಂಡವರಲ್ಲಿ 73% ಜನ ಸುಧಾರಣೆ ಹೇಳಿದರು. ಆದರೆ ತೋರಿಕೆಗೆ ಅಂಟಿಸಿದವರಲ್ಲೂ 49%! ಚಕ್ಕಳಮಕ್ಕಳ ಕೂರುವವರಿಗೆ ಇದು ಆಗದು; ಮೊದಲ ಸಲ ಫಿಸಿಯೋಥೆರಪಿಸ್ಟರಿಂದಲೇ ಹಾಕಿಸಿ.

ನೀ ಕ್ಯಾಪ್, ಅಂದರೆ ಮಂಡಿಗೆ ತೊಡುವ ಎಲಾಸ್ಟಿಕ್ ಚೀಲ? ಬಗ್ಗಲಾಗದ ಅಜ್ಜಿಯೂ ತಾನೇ ಹಾಕಿಕೊಳ್ಳಬಹುದು, ಪೇಟೆಗೆ ನಡೆದು ಬರಲು ಸಾಕು. ಅಳತೆ ಅಂದಾಜಿನ ಮೇಲೆ ಕೊಂಡರೆ ಜಾರುತ್ತದೆ, ಮಳೆಗಾಲದಲ್ಲಿ ಮಂಡಿಯ ಹಿಂದೆ ತುರಿಕೆ. ರಾತ್ರಿ ತೆಗೆದಿಡಿ.

ಮೂರರಲ್ಲಿ ಯಾವುದೂ ಸವೆದ ಮೃದ್ವಸ್ಥಿಯನ್ನು (ಕೀಲಿನೊಳಗೆ ಮೂಳೆ ತುದಿಯ ನುಣುಪು ಪದರ) ಬೆಳೆಸದು. ಅಮೆರಿಕದ ಸಂಧಿವಾತ ತಜ್ಞರ 2019ರ ಮಾರ್ಗಸೂಚಿ ವ್ಯಾಯಾಮಕ್ಕೆ ಬಲವಾದ ಶಿಫಾರಸು ಕೊಟ್ಟಿದೆ, ಎಲಾಸ್ಟಿಕ್ ಟೇಪಿಗೆ ಷರತ್ತಿನದು, ಅಂದರೆ ಅಷ್ಟು ಖಚಿತವಲ್ಲದ್ದು. ಟೇಪ್ ನೋವು ತಗ್ಗಿಸಿದ ಹೊತ್ತನ್ನು ತೊಡೆಯ ವ್ಯಾಯಾಮಕ್ಕೆ ಬಳಸಿ. ಗಾಯವಿದ್ದಲ್ಲಿ, ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಳೆದ ಕಾಲಿಗೆ ಟೇಪ್ ಬೇಡ. ಮೀನಖಂಡ ಹಠಾತ್ತನೆ ಊದಿದರೆ ಮೊದಲು ಡಾಕ್ಟರು. ತೆಗೆಯುವಾಗ ತೆಂಗಿನೆಣ್ಣೆ ಸವರಿ ಹತ್ತು ನಿಮಿಷ ಬಿಟ್ಟು, ಕೂದಲು ಮಲಗಿದ ದಿಕ್ಕಿಗೇ ಸುರುಳಿ ಸುತ್ತುತ್ತಾ ಬಿಡಿಸಿ.